ಸಿಗಡಿ ಹೊಂಡದ ಕೊಳೆ ನೀರಲ್ಲಿ ಪಾಚಿ ಬೆಳೆಸಬಹುದಾ?

ಪ್ರಶ್ನೆ: ನಾನು ಕುಮಟಾ ಕಡೆಯವನು, ಗೋವಾದ ಚೋಡಣ ದ್ವೀಪದಲ್ಲಿ ಸಿಗಡಿ ಹೊಂಡ ನೋಡಿಕೊಳ್ಳುತ್ತೇನೆ. ಹೋದ ಸಲ ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾದ ರೋಗ ಬಂದು ಅರ್ಧ ಬೆಳೆ ಹೋಯಿತು. ಹೊಂಡದಿಂದ ಹೊರಬಿಡುವ ನೀರಲ್ಲೇ ಪಾಚಿ ಬೆಳೆಸಿದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಸಿಗುತ್ತದಂತೆ. ಹೌದಾ?

ಉತ್ತರ: ಹೌದು, ಹೊಸ ಮಾತೂ ಅಲ್ಲ. ಕ್ಲೋರೆಲ್ಲಾ ಅನ್ನುವ ಹಸಿರು ಪಾಚಿಯಿಂದ ಬ್ಯಾಕ್ಟೀರಿಯಾ ತಡೆಯುವ ‘ಕ್ಲೋರೆಲ್ಲಿನ್’ ತೆಗೆದದ್ದು 1944ರಲ್ಲೇ. ಅದರಲ್ಲಿ ಕೆಲಸ ಮಾಡುವುದು ಕೊಬ್ಬಿನ ಆಮ್ಲಗಳು. ಡಯಾಟಮ್ ಅನ್ನುವ, ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳಲ್ಲಿ ಕೆಲವಕ್ಕೂ ಹಾಗೇ, ಜೀವಕೋಶ ಒಡೆದಾಗ ಈ ಆಮ್ಲ ಹೊರಬಂದು ಬ್ಯಾಕ್ಟೀರಿಯಾದ ಪೊರೆಯನ್ನೇ ಹಾಳು ಮಾಡುತ್ತದೆ. ವಿಬ್ರಿಯೋ ತಡೆಯುವುದರಲ್ಲಿ ಟೆಟ್ರಾಸೆಲ್ಮಿಸ್ ಹೆಸರು ಮಾಡಿದೆ, ಉಪ್ಪು ನೀರಿನ ಪಾಚಿ ಅದು.

ಕೊಳೆ ನೀರು ಅಂತ ಬೇಸರ ಬೇಡ. ನೀವು ಹಾಕುವ ಮೇವಿನ ಸಾರಜನಕದಲ್ಲಿ ಹೆಚ್ಚು ಪಾಲು ಸಿಗಡಿಯ ಮೈಗೆ ಸೇರುವುದೇ ಇಲ್ಲ, ಅಮೋನಿಯಾ ಆಗಿ ನೀರಲ್ಲೇ ಉಳಿಯುತ್ತದೆ. ಪಾಚಿಗೆ ಅದೇ ಗೊಬ್ಬರ. ಸುಮ್ನೆ ಮಾಂಡೋವಿಗೆ ಬಿಡುವ ಬದಲು ಪಾಚಿಗೆ ಉಣಿಸಿದರೆ ನದಿಗೂ ಒಳ್ಳೆಯದು ಅಲ್ವಾ?

ಆದರೆ ಔಷಧಿ ಬೇರೆ ಮಾಡಿ ತೆಗೆಯುವ ಆಸೆ ಬಿಡಿ. ಪಾಚಿಯ ಕೋಶಗಳು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರ, ಪಂಚೆ ಬಟ್ಟೆಯಲ್ಲಿ ಸೋಸಿದರೂ ದಾಟಿ ಹೋಗುತ್ತವೆ. ಬಿಸಿಲು, ಉಪ್ಪು ಬದಲಾದಂತೆ ಅದರ ಶಕ್ತಿಯೂ ಬದಲಾಗುತ್ತದೆ. ನನ್ನ ಮಾತು ಕೇಳಿ, ಪಾಚಿ ಬೆಳೆದ ಹಸಿರು ನೀರನ್ನೇ ಹೊಂಡಕ್ಕೆ ಬಳಸಿ.

ಬೇರೆ ತೊಟ್ಟಿ ಮಾಡಿ. ರೋಗ ಬಂದ ಹೊಂಡದ ನೀರಾದರೆ ಮೊದಲು ಕ್ಲೋರಿನ್ ಹಾಕಿ, ಅದು ಪೂರ್ತಿ ಹೋದ ಮೇಲೆ ಶುದ್ಧ ಟೆಟ್ರಾಸೆಲ್ಮಿಸ್ ಬಿತ್ತಿ. ಹೊಂಡದ ಮೇಲೆ ತೇಲುವ ನೀಲಿ-ಹಸಿರು ಕೆನೆ ಮಾತ್ರ ಬೇಡವೇ ಬೇಡ, ಅದರಲ್ಲಿ ಕೆಲವು ವಿಷ ಬಿಡುತ್ತವೆ. ಹಸಿರು ನೀರನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗಿ, ಮಧ್ಯೆ ಮಧ್ಯೆ ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಅಂಗೈ ಮಸುಕಾಗಿ ಕಂಡರೆ ಸರಿ. ಮಣಿಕಟ್ಟೇ ಕಾಣದಿದ್ದರೆ ಪಾಚಿ ಜಾಸ್ತಿಯಾಗಿದೆ. ರಾತ್ರಿ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ, ಬೆಳಗಿನ ಜಾವ ಸಿಗಡಿಗಳು ಉಸಿರಿಗಾಗಿ ಮೇಲೆ ಬಂದುಬಿಡುತ್ತವೆ. ಆಗ ನೀರಿಗೆ ಗಾಳಿ ಸೇರಿಸುವ ಏರೇಟರ್ ನಿಲ್ಲಿಸಲೇಬಾರದು.

ಮಳೆಗಾಲದಲ್ಲಿ ಶುರು ಮಾಡಬೇಡಿ, ಬಿಸಿಲೂ ಇಲ್ಲ, ನೀರೂ ಸಿಹಿಯಾಗುತ್ತದೆ. ಇದರಿಂದ ವಿಬ್ರಿಯೋ ಹತೋಟಿಗೆ ಬರಬಹುದು, ಪೂರ್ತಿ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಯಾರಾದರೂ ಕ್ಲೋರಾಂಫೆನಿಕಾಲ್ ಅನ್ನುವ ಆ್ಯಂಟಿಬಯೋಟಿಕ್ ತಂದುಕೊಟ್ಟರೆ ಮುಟ್ಟಲೂ ಬೇಡಿ, ಸಿಗಡಿ ಸಾಕಣೆಯಲ್ಲಿ ಅದಕ್ಕೆ ನಿಷೇಧವಿದೆ. ರಿಬಂದರ್ ಫೆರಿ ದಾಟಿದರೆ ಹಳೇ ಗೋವಾದ ಎಲಾದಲ್ಲಿ ಐಸಿಎಆರ್‌ನ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ. ತೊಟ್ಟಿ ಕಟ್ಟುವ ಮೊದಲು ಒಂದು ಬಾಟಲಿ ನೀರು ಹಿಡಿದುಕೊಂಡು ಅಲ್ಲಿ ಹೋಗಿ ಮಾತಾಡಿ.