ಕುಡಿತ ತಗ್ಗಿಸಲು ಆನ್‌ಲೈನ್ ನೆರವು: ಯಾರಿಗೆ ಸಾಕು, ಯಾರಿಗೆ ಸಾಲದು?

ಪ್ರಶ್ನೆ: ನನಗೆ 38 ವರ್ಷ. ಹುಬ್ಬಳ್ಳಿಯಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ವಾರದ ಐದು ದಿನ ರಾತ್ರಿ ಊಟಕ್ಕೆ ಮುಂಚೆ ಒಂದು ನೈಂಟಿ, ಶನಿವಾರ ಮತ್ತು ಭಾನುವಾರ ಒಂದೊಂದು ಕ್ವಾರ್ಟರ್ ವಿಸ್ಕಿ ಕುಡಿಯುತ್ತೇನೆ. ಪ್ರತಿವರ್ಷ ಶ್ರಾವಣ ಮಾಸದಲ್ಲಿ ಪೂರ್ತಿ ಬಿಟ್ಟಿರುತ್ತೇನೆ, ಆಗ ಯಾವ ತೊಂದರೆಯೂ ಆಗುವುದಿಲ್ಲ. ಈಚೆಗೆ ರಕ್ತದೊತ್ತಡ ಹೆಚ್ಚಿದೆ. ಕುಡಿತದ ವಿಷಯವಾಗಿ ವೈದ್ಯರನ್ನು ಕಂಡರೆ ಆಫೀಸಿನಲ್ಲಿ ಗೊತ್ತಾದೀತೆಂಬ ಅಂಜಿಕೆಯಿದೆ. ಮೊಬೈಲ್‌ನಲ್ಲೇ ಮಾಡಿಕೊಳ್ಳಬಹುದಾದ ಸ್ವಸಹಾಯ ಕಾರ್ಯಕ್ರಮಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಶ್ರಾವಣದ ಮಾತು. ಒಂದು ತಿಂಗಳು ಪೂರ್ತಿ ಬಿಟ್ಟರೂ ಕೈ ನಡುಗದೆ, ಬೆವರದೆ, ನಿದ್ದೆಗೆಡದೆ ಇರುತ್ತೀರೆಂದರೆ ನಿಮ್ಮ ದೇಹ ಇನ್ನೂ ಮದ್ಯಕ್ಕೆ ಒಗ್ಗಿ ಅದಿಲ್ಲದೆ ಆಗದೆಂಬ ಹಂತ ತಲುಪಿಲ್ಲವೆಂದು ನಂಬಲು ಒಳ್ಳೆಯ ಆಧಾರವಿದೆ. ಆನ್‌ಲೈನ್ ಕಾರ್ಯಕ್ರಮಗಳು ಹೆಚ್ಚಾಗಿ ರೂಪುಗೊಂಡಿರುವುದು ನಿಮ್ಮಂಥವರಿಗಾಗಿಯೇ. ಆದ್ದರಿಂದ ಅವಶ್ಯವಾಗಿ ಆರಂಭಿಸಿ. ಆದರೆ ಅದರಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನು ತಿಳಿದುಕೊಂಡು ಆರಂಭಿಸಿ.

ಮೊದಲು ಲೆಕ್ಕ ನೋಡೋಣ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅಂದರೆ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ. 90 ಎಂಎಲ್‌ನ ನೈಂಟಿಯಲ್ಲಿ 30 ಗ್ರಾಂ, 180 ಎಂಎಲ್‌ನ ಕ್ವಾರ್ಟರ್‌ನಲ್ಲಿ 60 ಗ್ರಾಂ ಆಯಿತು. ಆ ಪ್ರಕಾರ ನೀವು ವಾರಕ್ಕೆ ಸುಮಾರು 270 ಗ್ರಾಂ ಆಲ್ಕೋಹಾಲ್ ಸೇವಿಸುತ್ತಿದ್ದೀರಿ. ರಕ್ತದೊತ್ತಡವನ್ನು ಏರಿಸಲು ಇಷ್ಟು ಪ್ರಮಾಣ ಧಾರಾಳವಾಗಿ ಸಾಕು. ವಿಸ್ಕಿ ಬಿಟ್ಟು ಬಿಯರ್‌ಗೆ ಹೋದರೆ ಕಡಿಮೆಯಾಯಿತೆಂದು ಭಾವಿಸುವವರು ಬಹಳ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಎಂಎಲ್ ಬಾಟಲಿಯೊಂದರಲ್ಲಿ 41 ಗ್ರಾಂ ಇರುತ್ತದೆ, ಅದು ನಿಮ್ಮ ನೈಂಟಿಗಿಂತ ಹೆಚ್ಚು.

ಒಳ್ಳೆಯ ಕಾರ್ಯಕ್ರಮವೊಂದು ಮೊದಲು ಮಾಡಿಸುವುದೂ ಇಂಥ ಲೆಕ್ಕವನ್ನೇ. ಅನೇಕ ಕಾರ್ಯಕ್ರಮಗಳು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಿಂದ ಆರಂಭವಾಗುತ್ತವೆ. ಒಟ್ಟು ಅಂಕ 40. ಎಂಟು ಮುಟ್ಟಿದರೂ ಎಚ್ಚರ ಬೇಕು, ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೊಬೈಲ್ ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಆನಂತರ ನೀವೇ ಒಂದು ಗುರಿ ಇಟ್ಟುಕೊಂಡು, ದಿನಚರಿ ಬರೆದು, ಯಾವ ಹೊತ್ತು, ಯಾರ ಸಹವಾಸ, ಎಂಥ ಮನಃಸ್ಥಿತಿ ನಿಮ್ಮನ್ನು ಗ್ಲಾಸಿನತ್ತ ಎಳೆಯುತ್ತದೆಂದು ಗುರುತಿಸಿ, ಅದಕ್ಕೆ ಮುಂಚಿತವಾಗಿಯೇ ಬೇರೆ ದಾರಿ ಯೋಚಿಸಿಟ್ಟುಕೊಳ್ಳುವ ಅಭ್ಯಾಸಗಳಿರುತ್ತವೆ.

ಇವುಗಳ ಫಲಿತಾಂಶವನ್ನು ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 57 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಇಂಥ ಡಿಜಿಟಲ್ ನೆರವು ಪಡೆದವರು, ಪಡೆಯದವರಿಗಿಂತ ವಾರಕ್ಕೆ ಸರಾಸರಿ 23 ಗ್ರಾಂ ಆಲ್ಕೋಹಾಲ್ ಕಡಿಮೆ ಕುಡಿದರು. ನಿಮ್ಮ ಅಳತೆಯಲ್ಲಿ ಇದು ಒಂದು ನೈಂಟಿಗೂ ಕಡಿಮೆ. ಇದು ಸರಾಸರಿ ಎಂಬುದನ್ನು ಮರೆಯಬಾರದು: ಮೊದಲ ವಾರದಲ್ಲೇ ಕೈಬಿಟ್ಟವರೂ ಕೊನೆಯವರೆಗೆ ಮಾಡಿದವರೂ ಅದರಲ್ಲಿ ಸೇರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬ್ರೆಜಿಲ್, ಮೆಕ್ಸಿಕೊ, ಬೆಲಾರುಸ್ ಮತ್ತು ಭಾರತದಲ್ಲಿ ನಡೆದ ಪ್ರಯೋಗದಲ್ಲೂ ಜಾಲತಾಣದ ಸ್ವಸಹಾಯದಿಂದ ಕುಡಿತ ತಗ್ಗಿತು. ಭಾರತದ ಭಾಗವನ್ನು ದೆಹಲಿಯ ಏಮ್ಸ್ ನಡೆಸಿತ್ತು. ನಡುನಡುವೆ ಮನುಷ್ಯರೊಬ್ಬರ ಮಾರ್ಗದರ್ಶನವಿರುವ ಕಾರ್ಯಕ್ರಮಗಳು, ಒಬ್ಬರೇ ಮಾಡಿಕೊಳ್ಳುವ ಕಾರ್ಯಕ್ರಮಗಳಿಗಿಂತ ಹೆಚ್ಚು ಫಲ ಕೊಡುತ್ತವೆ ಎಂಬುದೂ ಕಂಡುಬಂದಿದೆ. ಆದ್ದರಿಂದ ನಿಮ್ಮ ಹೆಂಡತಿಗೋ ನಂಬಿಕೆಯ ಗೆಳೆಯನಿಗೋ ಪ್ರತಿ ಭಾನುವಾರ ನಿಮ್ಮ ದಿನಚರಿಯನ್ನು ತೋರಿಸುವ ಏರ್ಪಾಡು ಮಾಡಿಕೊಳ್ಳಿರೆಂದು ನಾನು ಒತ್ತಾಯಿಸುತ್ತೇನೆ.

ದಿನಚರಿಯನ್ನು ಕುಡಿದ ಮೇಲೆ ಬರೆಯಬೇಡಿ. ಬಾಟಲಿ ತೆರೆಯುವ ಮುನ್ನವೇ ಇಂದು ಎಷ್ಟೆಂದು ಬರೆಯಿರಿ. ವಾರದಲ್ಲಿ ಕುಡಿಯದ ದಿನಗಳನ್ನು ಮೊದಲೇ ಗೊತ್ತುಮಾಡಿ, ಆ ದಿನಗಳಲ್ಲಿ ಊಟವನ್ನು ಒಂದು ಗಂಟೆ ಮುಂಚೆ ಮಾಡಿ. ಮನೆಯಲ್ಲಿ ಬಾಟಲಿಗಳ ಸಂಗ್ರಹ ಬೇಡ. ವಾರಕ್ಕೊಮ್ಮೆ ರಕ್ತದೊತ್ತಡ ಪರೀಕ್ಷಿಸಿ ಅದನ್ನೂ ಅಲ್ಲೇ ಬರೆಯಿರಿ; ಕುಡಿತ ಇಳಿದಂತೆ ಅದೂ ಇಳಿಯುವ ಸಾಧ್ಯತೆ ಚೆನ್ನಾಗಿದೆ. ವೈದ್ಯರು ಮಾತ್ರೆ ಕೊಟ್ಟಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಎರಡು ತಿಂಗಳಾದರೂ ವಾರದ ಲೆಕ್ಕ ಇಳಿಯದಿದ್ದರೆ ಮುಂದಿನ ಹೆಜ್ಜೆ ಇಡಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರವಿದೆ. ಅದಕ್ಕೂ ಮೊದಲು ಮಾತನಾಡಿ ನೋಡಬೇಕೆನಿಸಿದರೆ 2022ರಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ.

ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯಸೇವನೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳನ್ನೂ ಒಳಗೊಂಡಿದ್ದು, ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವುದನ್ನು ಹಕ್ಕಾಗಿ ಕೊಟ್ಟಿದೆ. ಮೊಬೈಲ್‌ನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೇ ಕೇಳುವ ಯಾವುದೋ ಆಪ್‌ಗಿಂತ ವೈದ್ಯರ ಕೊಠಡಿಯೇ ಹೆಚ್ಚು ಸುರಕ್ಷಿತವೆಂದು ನಾನು ಹೇಳಬಲ್ಲೆ.

ಪ್ರಶ್ನೆ: ನಮ್ಮ ಯಜಮಾನರು ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುತ್ತದೆ. ಅವರಿಗೆ ಇಂಥ ಆಪ್ ಹಾಕಿಕೊಡಲೇ? ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿಯೂ ಆನ್‌ಲೈನ್‌ನಲ್ಲಿ ಸಿಗುತ್ತದಂತೆ. ಕೊಡಬಹುದೇ? — ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಎರಡೂ ಬೇಡ ತಾಯಿ. ಬೆಳಗಿನ ನಡುಕ ದೇಹ ಮದ್ಯಕ್ಕೆ ಒಗ್ಗಿಹೋಗಿರುವುದರ ಲಕ್ಷಣ. ಇಂಥವರು ಹಠಾತ್ತನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ದಿಕ್ಕುತಪ್ಪಿದಂತೆ ಮಾತನಾಡುವುದು, ಇಲ್ಲದ್ದು ಕಾಣುವುದು ಶುರುವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅದಕ್ಕೇ ಅವರು ವೈದ್ಯರ ಮೇಲ್ವಿಚಾರಣೆಯಲ್ಲಿ, ಮಾತ್ರೆ ಮತ್ತು ಥಯಮಿನ್ (ವಿಟಮಿನ್ ಬಿ1) ಪಡೆಯುತ್ತಲೇ ಬಿಡಬೇಕು.

ಪುಡಿಯ ವಿಷಯದಲ್ಲಿ ಇನ್ನೂ ಖಚಿತವಾಗಿ ಹೇಳುತ್ತೇನೆ. ಅದರಲ್ಲಿ ಏನಿದೆಯೆಂದು ನಿಮಗೆ ತಿಳಿಯುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಬಳಸುವ ಡೈಸಲ್ಫಿರಾಮ್ ಇದ್ದರೆ, ತಿಳಿಯದೆ ಕುಡಿದ ಮನುಷ್ಯನಿಗೆ ವಾಂತಿಯಾಗಿ, ರಕ್ತದೊತ್ತಡ ಕುಸಿದು, ಹೃದಯದ ಬಡಿತ ಏರುಪೇರಾಗಿ ಸಾವೂ ಸಂಭವಿಸಬಹುದು. ಅದು ರೋಗಿಗೆ ವಿವರಿಸಿ, ಒಪ್ಪಿಗೆ ಪಡೆದು ಮಾತ್ರ ಕೊಡುವ ಔಷಧ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ಚಿಕಿತ್ಸಾಲಯ ನಡೆಯುತ್ತದೆ. ವಿಚಾರಿಸಿ ಕರೆದುಕೊಂಡು ಹೋಗಿ. ಅವರು ಬರಲೊಪ್ಪದಿದ್ದರೆ ನೀವೊಬ್ಬರೇ 14416ಕ್ಕೆ ಕರೆ ಮಾಡಿ, ಮನೆಯವರಿಗೂ ಅಲ್ಲಿ ಸಲಹೆ ದೊರೆಯುತ್ತದೆ. ಕುಡಿತ ನಿಂತ ದಿನಗಳಲ್ಲಿ ಫಿಟ್ಸ್ ಬಂದರೆ ಅಥವಾ ದಿಕ್ಕುತಪ್ಪಿದಂತೆ ಮಾತನಾಡತೊಡಗಿದರೆ ಬೆಳಗಾಗಲೆಂದು ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿ.