ಓದುಗರ ಪ್ರಶ್ನೆ, ವೈದ್ಯರ ಉತ್ತರ: ತೋಟದ ಏರ್‌ಗನ್ ಮತ್ತು ಮಕ್ಕಳ ಕಣ್ಣು

ಪ್ರಶ್ನೆ: ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ಹೆದರಿಸಲು ಏರ್‌ಗನ್ ತಂದಿದ್ದೇವೆ. ಮೊನ್ನೆ ಮಕ್ಕಳು ಅದನ್ನು ಹಿಡಿದು ಆಡುವಾಗ ಒಂಬತ್ತು ವರ್ಷದ ಹುಡುಗನ ಕೆನ್ನೆಗೆ ಪೆಲ್ಲೆಟ್ ಬಡಿಯಿತು. ಸಣ್ಣ ತೂತು, ರಕ್ತ ಹೆಚ್ಚು ಬರಲಿಲ್ಲ, ಅರಸಿನ ಹಚ್ಚಿದೆವು. ಕಣ್ಣಿಗೇ ತಾಗಿದ್ದರೆ ಏನು ಮಾಡಬೇಕಿತ್ತು?
– ಓದುಗರು, ಬದಿಯಡ್ಕ

ಉತ್ತರ: ಮೊದಲು ಕೆನ್ನೆಯ ವಿಷಯ. ಇವತ್ತೇ ಎಕ್ಸ್‌ರೇ ತೆಗೆಸಿ, ಎದುರಿನಿಂದ ಒಂದು, ಪಕ್ಕದಿಂದ ಇನ್ನೊಂದು. ಒಂದೇ ಚಿತ್ರದಲ್ಲಿ ಪೆಲ್ಲೆಟ್ ಎಷ್ಟು ಆಳದಲ್ಲಿದೆ ಎಂದು ತಿಳಿಯದು. ಹೊರಗಿನ ತೂತು ಚಿಕ್ಕದೆಂದು ಸಮಾಧಾನಪಡುವ ಹಾಗಿಲ್ಲ. ಅರ್ಧ ಗ್ರಾಂ ತೂಕದ ಸೀಸದ ಪೆಲ್ಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೌಲ್. ಚರ್ಮ ತೂರಲು ಸೆಕೆಂಡಿಗೆ 40 ಮೀಟರ್ ಆಸುಪಾಸಿನ ವೇಗವೇ ಸಾಕು. ಮಕ್ಕಳ ಕಪಾಲದ ಪಕ್ಕದ ಎಲುಬು, ಎದೆಯ ಗೋಡೆ ಎರಡೂ ತೆಳು. ತಲೆ, ಕುತ್ತಿಗೆ, ಎದೆ, ಹೊಟ್ಟೆ ಎಲ್ಲಿ ತಾಗಿದ್ದರೂ ಮಗು ಆಡುತ್ತಿದೆಯೆಂದು ಮನೆಯಲ್ಲಿ ಕೂರಬೇಡಿ. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿದೆ ಎಂದು ನೋಡಿ. ಗಾಯಕ್ಕೆ ಅರಸಿನ ಬೇಡ.

ಕಣ್ಣಿಗೆ ತಾಗಿದರೆ ತೊಳೆಯಬೇಡಿ, ಉಜ್ಜಬೇಡಿ, ರೆಪ್ಪೆಯನ್ನು ಬಲವಂತವಾಗಿ ಬಿಡಿಸಬೇಡಿ, ಡ್ರಾಪ್ಸ್ ಹಾಕಬೇಡಿ. ಹತ್ತಿಯಿಟ್ಟು ಬಿಗಿಯಾಗಿ ಕಟ್ಟುವುದು ಎಲ್ಲಕ್ಕಿಂತ ಕೆಟ್ಟದ್ದು: ಗುಡ್ಡೆ ಒಡೆದಿದ್ದರೆ ಆ ಒತ್ತಡಕ್ಕೆ ಒಳಗಿನದು ಹೊರಬರುತ್ತದೆ. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿ ತೆಗೆದುಕೊಂಡು, ಅದರ ಅಂಚು ಹುಬ್ಬಿನ ಎಲುಬು ಮತ್ತು ಕೆನ್ನೆಯ ಎಲುಬಿನ ಮೇಲೆ ಕೂರುವಂತೆ ಇಟ್ಟು ಟೇಪ್ ಹಾಕಿ. ಲೋಟ ಕಣ್ಣನ್ನು ಮುಟ್ಟಬಾರದು. ನೀರು, ಹಾಲು, ಬಿಸ್ಕತ್ತು ಏನೂ ಕೊಡಬೇಡಿ, ಏಕೆಂದರೆ ಪೂರ್ಣ ಅರಿವಳಿಕೆ ಬೇಕಾಗಬಹುದು. ಕೊನೆಗೆ ತಿಂದದ್ದು ಎಷ್ಟು ಹೊತ್ತಿಗೆ ಎಂದು ಬರೆದಿಟ್ಟುಕೊಳ್ಳಿ. ವಾಂತಿ ಬರುವಂತಿದ್ದರೆ ಹತ್ತಿರದ ಆಸ್ಪತ್ರೆಯಲ್ಲೇ ಅದಕ್ಕೆ ಮದ್ದು ಕೊಡಿಸಿ. ಓಕರಿಕೆಯೂ ಒಡೆದ ಕಣ್ಣನ್ನು ಹಿಂಡುತ್ತದೆ.

ಗುಡ್ಡೆ ಒಡೆದಿದ್ದರೆ 24 ಗಂಟೆಯೊಳಗೆ ಹೊಲಿದರೆ ಸೋಂಕಿನ ಅಪಾಯ ಇಳಿಯುತ್ತದೆ. ಮಂಗಳೂರಿಗೆ ಹೋಗುವುದಾದರೆ ಹೊರಡುವ ಮೊದಲೇ ಫೋನ್ ಮಾಡಿ, ಮಕ್ಕಳಿಗೆ ಅರಿವಳಿಕೆ ಕೊಟ್ಟು ಕಣ್ಣಿನ ಶಸ್ತ್ರಕ್ರಿಯೆ ಮಾಡುವ ವ್ಯವಸ್ಥೆ ಆ ಹೊತ್ತಿಗೆ ಇದೆಯೇ ಎಂದು ಕೇಳಿ.

ಇನ್ನೊಂದು ಮಾತು. ಪೊಲೀಸ್ ಕೇಸಾದೀತೆಂದು ಹೆದರಿ 'ಕಡ್ಡಿ ತಾಗಿತು' ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಡ್ಡಿ ಎಂದರೆ ವೈದ್ಯರು ಒಳಗೆ ಲೋಹ ಹುಡುಕದೇ ಹೋಗಬಹುದು. ಬಿಬಿ ಎಂಬ ಉಕ್ಕಿನ ಸಣ್ಣ ದುಂಡು ಗುಂಡು ಒಳಗಿರುವಾಗ ಎಂಆರ್‌ಐ ಮಾಡಿದರೆ ಅಯಸ್ಕಾಂತದ ಸೆಳೆತಕ್ಕೆ ಅದು ಕಣ್ಣಿನೊಳಗೇ ಸರಿದಾಡೀತು. ಇಂಥಲ್ಲಿ ಬೇಕಾದದ್ದು ಸಿಟಿ ಸ್ಕ್ಯಾನ್.

ಪ್ರಶ್ನೆ: ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಗುಂಡಿನ ಪಿಸ್ತೂಲಿನಿಂದ ಮಗಳ ಕಣ್ಣಿಗೆ ಪೆಟ್ಟಾಯಿತು. ಕೆಂಪಗಾಗಿ ಎರಡು ದಿನದಲ್ಲಿ ಇಳಿಯಿತು. ಇನ್ನೂ ತೋರಿಸಬೇಕೇ?
– ಓದುಗರು, ಕುಂಬಳೆ

ಉತ್ತರ: ಹೌದು, ತಡಮಾಡದೆ ತೋರಿಸಿ. ಆ 6 ಮಿ.ಮೀ. ಗುಂಡು ಸಾಮಾನ್ಯವಾಗಿ ಕಣ್ಣನ್ನು ತೂರುವುದಿಲ್ಲ, ಆದರೆ ಜಜ್ಜುತ್ತದೆ. ಕಪ್ಪು ಪಾಪೆಯ ಮುಂದಿನ ಜಾಗದಲ್ಲಿ ರಕ್ತ ಸೋರಿ ನಿಲ್ಲುವುದಕ್ಕೆ ಹೈಫೀಮಾ ಎನ್ನುತ್ತೇವೆ. ಸ್ವಲ್ಪವೇ ಇದ್ದರೆ ಬರಿಗಣ್ಣಿಗೆ ಕಾಣದು. ಎರಡರಿಂದ ಐದನೆಯ ದಿನದೊಳಗೆ ಹೆಪ್ಪು ಸಡಿಲಾಗಿ ಮತ್ತೆ ರಕ್ತ ಬರಬಹುದು. ಆಗ ಕಣ್ಣಿನ ಒತ್ತಡ ಏರಿ ನರಕ್ಕೆ ಹಾನಿಯಾಗುತ್ತದೆ. ಓಟ, ಆಟ ಬೇಡ. ಮಲಗುವಾಗ ದಿಂಬು ಸೇರಿಸಿ ತಲೆ 30–45 ಡಿಗ್ರಿ ಎತ್ತರದಲ್ಲಿರಲಿ. ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು. ವಾಸಿಯಾದ ಒಂದೂವರೆ ತಿಂಗಳ ಹೊತ್ತಿಗೆ ಕಣ್ಣಿನೊಳಗಿನ ನೀರು ಹರಿದುಹೋಗುವ ಮೂಲೆ ಸೀಳಿದೆಯೇ ಎಂದು ಲೆನ್ಸ್ ಇಟ್ಟು ನೋಡಬೇಕು. ಸೀಳಿದ್ದರೆ ಕಣ್ಣಿನ ಒತ್ತಡ ಏರಿ ನರ ಕೆಡಿಸುವ ಗ್ಲಾಕೋಮಾ ಹತ್ತಾರು ವರ್ಷ ಬಿಟ್ಟೂ ಬರಬಹುದು, ಹಾಗಾಗಿ ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ತಪ್ಪಿಸಬಾರದು.

ಪ್ರಶ್ನೆ: ಪಿವಿಸಿ ಪೈಪಿನ ಕಾರ್ಬೈಡ್ ಕೋವಿ ಏರ್‌ಗನ್‌ಗಿಂತ ವಾಸಿಯಲ್ಲವೇ? ಅದರಲ್ಲಿ ಗುಂಡೇ ಇಲ್ಲ.
– ಓದುಗರು, ಪೆರ್ಲ

ಉತ್ತರ: ಅಲ್ಲ. ಕಾರ್ಬೈಡಿಗೆ ನೀರು ಸೇರಿದಾಗ ಅಸಿಟಿಲೀನ್ ಅನಿಲದ ಜೊತೆ ಸುಣ್ಣವೂ ಹುಟ್ಟುತ್ತದೆ. ಕೋವಿ ಹೊತ್ತದಿದ್ದಾಗ ಹುಡುಗರು ಪೈಪಿನ ಬಾಯಲ್ಲಿ ಇಣುಕುತ್ತಾರೆ, ತಡವಾಗಿ ಸಿಡಿಯುವುದು ಆಗಲೇ. 2025ರ ದೀಪಾವಳಿಯಲ್ಲಿ ಭೋಪಾಲದಲ್ಲಿ ಬಹಳ ಮಕ್ಕಳ ಕಣ್ಣು ಹೀಗೆ ಸುಟ್ಟವು. ಇಲ್ಲಿ ಪ್ರಥಮ ಚಿಕಿತ್ಸೆ ಪೂರ್ತಿ ಬೇರೆ: ಪೆಲ್ಲೆಟ್ಟಿಗೆ ನೀರು ಕೂಡದು, ಸುಣ್ಣಕ್ಕೆ ನೀರೇ ಮದ್ದು. ಆ ಕ್ಷಣವೇ, ಅಲ್ಲೇ, ಶುದ್ಧ ನೀರನ್ನು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಕನಿಷ್ಠ ಅರ್ಧ ಗಂಟೆ ಹರಿಸಿ. ರೆಪ್ಪೆಯಡಿ ಬಿಳಿ ಕಣ ಕಂಡರೆ ಒದ್ದೆ ಹತ್ತಿಯಿಂದ ತೆಗೆಯಿರಿ. ಆಮೇಲೆ ಆಸ್ಪತ್ರೆ. ಎಲೆಯಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಸಿಡಿದರೂ ಇದೇ ಕ್ರಮ.

ಪ್ರಶ್ನೆ: ಲೈಸೆನ್ಸ್ ಬೇಡದ ಏರ್‌ಗನ್ ಎಂದರೆ ಆಟಿಕೆಯೆಂದೇ ಅಲ್ಲವೇ?
– ಓದುಗರು, ಮಂಜೇಶ್ವರ

ಉತ್ತರ: ಆಟಿಕೆಯಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 4.5 ಮಿ.ಮೀ. ನಳಿಗೆ, 20 ಜೌಲ್ ಮಿತಿಯೊಳಗಿನವಕ್ಕೆ ಲೈಸೆನ್ಸಿನ ವಿನಾಯಿತಿ ಇದೆ. ಕಣ್ಣು ಒಡೆಯಲು ಅದರ ಕಾಲು ಭಾಗವೂ ಧಾರಾಳ. ಮಂಗನಿಗೆ ಗುರಿಯಿಡುವುದಂತೂ ವನ್ಯಜೀವಿ ಕಾಯ್ದೆಯಡಿ ಅಪರಾಧ. ಮುರಕಲ್ಲಿನ ಗೋಡೆಗೆ ಉಕ್ಕಿನ ಬಿಬಿ ಹೊಡೆದರೆ ಹೊಡೆದವನ ಮುಖಕ್ಕೇ ಮರಳಿ ಬರುತ್ತದೆ. ಬಳಸುವವರು, ಪಕ್ಕ ನಿಂತವರು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕನ್ನಡಕ ಹಾಕಲೇಬೇಕು; ಗಾಜಿನ ತಂಪು ಕನ್ನಡಕ ಒಡೆದು ಚೂರು ಕಣ್ಣಿಗೇ ಹೋಗುತ್ತದೆ. ಪೆಲ್ಲೆಟ್ ತುಂಬಿದ ಗನ್ ಬಾಗಿಲ ಸಂದಿಯಲ್ಲಿ ಇರಬಾರದು: ಗನ್ ಒಂದು ಕಪಾಟಿನಲ್ಲಿ, ಪೆಲ್ಲೆಟ್ ಡಬ್ಬಿ ಇನ್ನೊಂದರಲ್ಲಿ, ಎರಡಕ್ಕೂ ಬೀಗ, ಕೀಲಿ ಹಿರಿಯರ ಬಳಿ.