ಮೂರು ತುಂಬಿಲ್ಲ ಅಂತ ಗೇಟಿನಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ: ನಾವು ಚಿಂತಾಮಣಿಯವರು. ನಮ್ಮ ಅಣ್ಣ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಸೆಪ್ಟೆಂಬರ್‌ನಲ್ಲಿ ಅವರ ಮನೆಗೆ ಹೋದಾಗ ಡಿಸ್ನಿಲ್ಯಾಂಡ್ ನೋಡಿ ಬರೋಣ ಅಂತಿದ್ದೇವೆ. ನನ್ನ ಮಗ ಹುಟ್ಟಿದ್ದು 2023ರ ನವೆಂಬರ್ 5. ಆ ಹೊತ್ತಿಗೆ ಅವನಿಗೆ 2 ವರ್ಷ 10 ತಿಂಗಳು. ಆದರೆ ಎತ್ತರ ಜಾಸ್ತಿ, ಮಾತೂ ಜಾಸ್ತಿ. ನೋಡಿದವರೆಲ್ಲ ನಾಲ್ಕು ವರ್ಷ ಅಂತಾರೆ. ಅಲ್ಲಿ ಮೂರರ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲವಂತೆ. ಗೇಟಿನಲ್ಲಿ ನಂಬದಿದ್ದರೆ ಏನು ತೋರಿಸಬೇಕು? ಆಧಾರ್ ಸಾಕಾ?

ಉತ್ತರ: ನೀವು ಕೇಳಿದ್ದು ನಿಜ. ಡಿಸ್ನಿಲ್ಯಾಂಡ್‌ನಲ್ಲಿ ಮೂರು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ. 3ರಿಂದ 9 ವರ್ಷದವರಿಗೆ ಮಕ್ಕಳ ಟಿಕೆಟ್, 10 ತುಂಬಿದರೆ ದೊಡ್ಡವರ ಟಿಕೆಟ್. ಮಕ್ಕಳ ಟಿಕೆಟ್ಟೇ ದಿನಕ್ಕೆ ನೂರು ಡಾಲರ್ ಆಸುಪಾಸಿನಿಂದ ಶುರುವಾಗುತ್ತದೆ. ಆದ್ದರಿಂದ ನಿಮ್ಮ ಚಿಂತೆ ಸಣ್ಣದಲ್ಲ. ತೊಟ್ಟಿಲ ಕೂಸು, ಅಂಬೆಗಾಲಿಡುವ ಮಗು ಆದರೆ ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ನಿಮ್ಮ ಮಗನಂಥ ಮಗುವನ್ನೇ ಕೇಳುತ್ತಾರೆ. ಕಾಗದ ಕೈಯಲ್ಲಿರಲಿ.

ನಿಮ್ಮ ಹತ್ತಿರ ಆ ಕಾಗದ ಈಗಾಗಲೇ ಇದೆ. ಮಗುವಿನ ಪಾಸ್‌ಪೋರ್ಟ್. ನಿಮ್ಮ ಮಗ 2023ರ ಅಕ್ಟೋಬರ್ 1ರ ನಂತರ ಹುಟ್ಟಿದವನು. ಅಂಥ ಮಕ್ಕಳ ಪಾಸ್‌ಪೋರ್ಟ್‌ಗೆ ಹುಟ್ಟಿದ ದಿನದ ದಾಖಲೆಯಾಗಿ ಜನನ ಪ್ರಮಾಣಪತ್ರ ಒಂದನ್ನೇ ಒಪ್ಪುತ್ತಾರೆ. ಅಂದರೆ ಅದರಲ್ಲಿರುವ ತಾರೀಖಿನ ಹಿಂದೆ ಗಟ್ಟಿ ಆಧಾರವಿದೆ.

ಆದರೆ ಒಂದು ತೊಡಕಿದೆ. ಇದನ್ನು ಬಿಡಿಸಿಯೇ ಹೇಳಬೇಕು. ನಮ್ಮ ಪಾಸ್‌ಪೋರ್ಟ್‌ನಲ್ಲಿ ತಾರೀಖು 05/11/2023 ಅಂತ ಇರುತ್ತದೆ. ನಮಗೆ ಅದು ನವೆಂಬರ್ 5. ಅಮೆರಿಕದವರು ಮೊದಲು ತಿಂಗಳು, ಆಮೇಲೆ ದಿನ ಬರೆಯುತ್ತಾರೆ. ಅವರ ಕಣ್ಣಿಗೆ ಅದೇ ತಾರೀಖು ಮೇ 11. ಹಾಗೆ ಓದಿದರೆ ಸೆಪ್ಟೆಂಬರ್‌ಗೆ ನಿಮ್ಮ ಮಗನಿಗೆ ಮೂರು ತುಂಬಿ ನಾಲ್ಕು ತಿಂಗಳಾಗಿರುತ್ತದೆ! ಸರಿಯಾದ ದಾಖಲೆಯನ್ನೇ ತೋರಿಸಿ, ಅದರಿಂದಲೇ ಟಿಕೆಟ್ ತೆಗೆದುಕೊಳ್ಳುವ ಹಾಗಾಗಬಾರದು ಅಲ್ವಾ? ದಿನದ ಅಂಕಿ 12ಕ್ಕಿಂತ ಜಾಸ್ತಿ ಇದ್ದರೆ ಈ ಗೊಂದಲ ಇಲ್ಲ, 13ನೇ ತಿಂಗಳು ಅಂತ ಯಾರೂ ಓದಲಾರರು. ನಿಮ್ಮ ಮಗನದ್ದು 5ನೇ ತಾರೀಖು.

ಇದಕ್ಕೆ ಪರಿಹಾರವೂ ಅದೇ ಪಾಸ್‌ಪೋರ್ಟ್‌ನಲ್ಲಿದೆ. ಒಳಗೆ ಅಂಟಿಸಿರುವ ಅಮೆರಿಕದ ವೀಸಾ ಚೀಟಿ ನೋಡಿ. ಅದರಲ್ಲಿ ಹುಟ್ಟಿದ ದಿನದ ತಿಂಗಳನ್ನು ಅಂಕಿಯಲ್ಲಿ ಹಾಕಿರುವುದಿಲ್ಲ, ಇಂಗ್ಲಿಷಿನ ಮೂರು ಅಕ್ಷರದಲ್ಲಿ ನವೆಂಬರ್ ಅಂತಲೇ ಇರುತ್ತದೆ. ಕೇಳಿದವರಿಗೆ ಆ ಪುಟ ತೆಗೆದು ತೋರಿಸಿ. ಅದು ಅವರದೇ ಸರ್ಕಾರ ಕೊಟ್ಟ ಚೀಟಿ, ಬೇರೆ ವಿವರಣೆ ಬೇಕಾಗುವುದಿಲ್ಲ. ನಿಮ್ಮ ಪಾಸ್‌ಪೋರ್ಟ್ ಹೇಗೂ ಜೊತೆಯಲ್ಲಿರುತ್ತದೆ, ಮಗುವಿನದ್ದನ್ನೂ ಅದರ ಜೊತೆಗೇ ಇಟ್ಟುಕೊಳ್ಳಿ. ಎರಡೂ ಪುಟದ ಫೋಟೋ ಮೊಬೈಲಿನಲ್ಲೂ ಇರಲಿ.

ಆಧಾರ್ ಬೇಡ. ಐದು ವರ್ಷದೊಳಗಿನ ಮಕ್ಕಳ ನೀಲಿ ಬಾಲ ಆಧಾರ್ ನಮ್ಮೂರಿನಲ್ಲಿ ಗುರುತಿಗೆ ಆಗುತ್ತದೆ. ಅಲ್ಲಿನ ಕೌಂಟರಿನವರಿಗೆ ಅದರ ಪರಿಚಯ ಇರುವುದಿಲ್ಲ, ತಾರೀಖಿನ ಗೊಂದಲವೂ ಅದರಲ್ಲಿ ಹಾಗೇ ಉಳಿಯುತ್ತದೆ.

ಇನ್ನೊಂದು ಮಾತು, ಇದು ನಮ್ಮ ಮಾತಿನ ರೂಢಿಯದ್ದು. ಮಗುವಿಗೆ ಎಷ್ಟು ಅಂದರೆ ನಾವು "ಮೂರು ನಡೀತಿದೆ" ಅಂತೀವಿ. ಎರಡು ತುಂಬಿ ಮೂರನೇ ವರ್ಷ ನಡೆಯುತ್ತಿದೆ ಅಂತ ಅದರ ಅರ್ಥ. ಅದನ್ನೇ ಇಂಗ್ಲಿಷಿನಲ್ಲಿ ಹೇಳುವಾಗ ಬಾಯಿಗೆ ಬರುವುದು ಮೂರು ಅಂತ ಮಾತ್ರ. ಗೇಟಿನಲ್ಲಿ ಕೇಳಿದರೆ "ಎರಡು" ಅನ್ನಿ, ಅದೇ ಸತ್ಯ. ಜೊತೆಗೆ ಬರುವ ಅಜ್ಜಿ ತಾತನಿಗೂ ಅಣ್ಣನ ಮಕ್ಕಳಿಗೂ ಮೊದಲೇ ಹೇಳಿಡಿ.

ಲೆಕ್ಕಕ್ಕೆ ಬರುವುದು ಒಳಗೆ ಹೋಗುವ ದಿನದ ವಯಸ್ಸು. ನಿಮ್ಮ ಪ್ರಯಾಣ ಮುಂದಕ್ಕೆ ಹೋಗಿ ನವೆಂಬರ್ 5 ದಾಟಿದರೆ ಟಿಕೆಟ್ ತೆಗೆದುಬಿಡಿ. ಮಗುವಿಗೆ "ಎರಡು ಅಂತ ಹೇಳು" ಅಂತ ಕಲಿಸಬೇಡಿ. ಬಸ್ಸಿನಲ್ಲಿ ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕಂಡಕ್ಟರ್ ಹತ್ತಿರ ಬಂದಾಗ ಮಗು ಅಮ್ಮನ ಮುಖವನ್ನೇ ನೋಡುತ್ತದೆ. ಆ ಮುಖ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಂದಹಾಗೆ, ಒಳಗೆ ಹೋಗಲು ವಯಸ್ಸು, ಆಟಗಳಿಗೆ ಎತ್ತರ. ಬಿಗ್ ಥಂಡರ್ ಎಂಬ ರೈಲಿನಾಟಕ್ಕೆ 40 ಇಂಚು, ಅಂದರೆ ಸುಮಾರು 102 ಸೆಂಟಿಮೀಟರ್ ಬೇಕು. ಮೂರು ತುಂಬದ ಮಗು ಅಷ್ಟು ಎತ್ತರ ಇರುವುದು ಅಪರೂಪ. ಮನೆಯಲ್ಲೇ ಅಳತೆ ತೆಗೆದುಕೊಂಡು ಹೋದರೆ, ಸಾಲಿನಲ್ಲಿ ನಿಂತು ಅಳಿಸುವುದು ತಪ್ಪುತ್ತದೆ.

ಪ್ರಶ್ನೆ: ತುಮಕೂರಿನಿಂದ ಬಿಡದಿಯ ವಂಡರ್‌ಲಾಗೆ ಹೋಗುವವರಿದ್ದೇವೆ. ಮಗಳಿಗೆ ಎರಡೂವರೆ ವರ್ಷ. ಜನನ ಪ್ರಮಾಣಪತ್ರ ತೋರಿಸಿದರೆ ಟಿಕೆಟ್ ಬೇಡ ಅಲ್ವಾ?

ಉತ್ತರ: ಅಲ್ಲಿ ಪ್ರಮಾಣಪತ್ರ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ನೋಡುವುದು ವಯಸ್ಸನ್ನಲ್ಲ, ಎತ್ತರವನ್ನು. 85 ಸೆಂಟಿಮೀಟರ್ ಒಳಗಿದ್ದರೆ ಉಚಿತ, ಅದನ್ನು ದಾಟಿದರೆ ಮಕ್ಕಳ ಟಿಕೆಟ್. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಎರಡು ತುಂಬಿದ ಹೆಣ್ಣುಮಗುವಿನ ನಡುಮಟ್ಟದ ಎತ್ತರವೇ ಸುಮಾರು 86, ಗಂಡುಮಗುವಿನದ್ದು 87. ಎರಡೂವರೆಗೆ ನಿಮ್ಮ ಮಗಳು 85 ದಾಟಿರುವ ಸಾಧ್ಯತೆಯೇ ಜಾಸ್ತಿ. ಚಪ್ಪಲಿ ತೆಗೆಸಿ, ಜುಟ್ಟು ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ. ತಲೆಯ ಮೇಲೆ ಒಂದು ದಪ್ಪ ಪುಸ್ತಕ ಅಡ್ಡ ಹಿಡಿದು ಗೋಡೆಗೆ ಗೆರೆ ಹಾಕಿ. ಅದನ್ನು ಟೇಪಿನಲ್ಲಿ ಅಳೆದರೆ ಹೊರಡುವ ಮೊದಲೇ ಖರ್ಚು ಎಷ್ಟು ಅಂತ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮದು ಪಾವಗಡ. ತವರು ಹಿಂದೂಪುರ, ಹೆರಿಗೆ ಅಲ್ಲೇ ಆಯಿತು. ಮಗುವಿಗೆ 14 ತಿಂಗಳು. ಆಂಧ್ರದ ಜನನ ಪ್ರಮಾಣಪತ್ರ ನಮ್ಮ ಕಡೆ ನಡೆಯುತ್ತದಾ? ಅದರಲ್ಲಿ ಹೆಸರೂ ಇಲ್ಲ. ತಾಯಿ ಕಾರ್ಡ್ ಇಟ್ಟುಕೊಂಡರೆ ಸಾಕಾ?

ಉತ್ತರ: ಧಾರಾಳವಾಗಿ ನಡೆಯುತ್ತದೆ. ಮಗು ಹುಟ್ಟಿದ ಊರಿನಲ್ಲೇ ನೋಂದಣಿ ಆಗಬೇಕು ಎನ್ನುವುದು 1969ರ ಕಾಯ್ದೆಯ ನಿಯಮ. ಗಡಿ ಆಚೆ ತವರಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಮಾಮೂಲು. ಪಾವಗಡದಲ್ಲಿ ಮತ್ತೊಂದು ಸಲ ಮಾಡಿಸಲು ಹೋಗಬೇಡಿ, ಎರಡು ದಾಖಲೆ ಮುಂದೆ ತಲೆನೋವು.

ಹೆಸರು ಮಾತ್ರ ಈಗಲೇ ಸೇರಿಸಿ. ಒಂದು ವರ್ಷದೊಳಗೆ ಆಗಿದ್ದರೆ ಶುಲ್ಕವೇ ಇರಲಿಲ್ಲ. ಈಗ ಸ್ವಲ್ಪ ತಡದ ಶುಲ್ಕ ಕಟ್ಟಬೇಕು. ಮಗುವಿಗೆ 15 ವರ್ಷ ಆಗುವವರೆಗೂ ಸೇರಿಸಬಹುದು, ಹಾಗಂತ ಅಲ್ಲಿವರೆಗೆ ಕಾಯಬೇಡಿ. ಹೆಸರಿಲ್ಲದ ಪತ್ರ ಹಿಡಿದು ಇದು ಇವಳದ್ದೇ ಅಂತ ಹೇಳುವುದು ಕಷ್ಟ. ನೋಂದಣಿ ಆದ ಹಿಂದೂಪುರದ ಕಚೇರಿಯಲ್ಲೇ ಕೇಳಬೇಕು. ತವರಿಗೆ ಹೋಗುವ ದಿನ ಈ ಕೆಲಸವನ್ನೂ ಇಟ್ಟುಕೊಳ್ಳಿ.

ತಾಯಿ ಕಾರ್ಡಿನಲ್ಲಿ ಹುಟ್ಟಿದ ದಿನ, ಲಸಿಕೆ ಹಾಕಿಸಿದ ದಿನ ಎಲ್ಲ ಇರುತ್ತದೆ. ನಮ್ಮ ಕಡೆ ಯಾರಾದರೂ ಸುಮ್ನೆ ಅನುಮಾನ ಪಟ್ಟರೆ ತೋರಿಸಲು ಒಳ್ಳೆಯದು. ಆದರೆ ಅದು ಜನನ ಪ್ರಮಾಣಪತ್ರದ ಜಾಗ ತುಂಬುವುದಿಲ್ಲ. ರೈಲಿನಲ್ಲಿ ಬೇರೆ ಬರ್ತ್ ಕೇಳದಿದ್ದರೆ ಐದು ವರ್ಷದವರೆಗೆ, ನಮ್ಮ ಸರ್ಕಾರಿ ಬಸ್ಸಿನಲ್ಲಿ ಆರು ವರ್ಷದವರೆಗೆ ನಿಮ್ಮ ಮಗುವಿಗೆ ಟಿಕೆಟ್ ಬೇಡ. ಹೆಸರು ಸೇರಿಸಿದ ಪತ್ರ ಕೈಗೆ ಬಂದ ದಿನವೇ ಒಂದು ಫೋಟೋ ತೆಗೆದು ಇಬ್ಬರ ಮೊಬೈಲಿಗೂ ಹಾಕಿಕೊಳ್ಳಿ. ಅಸಲಿ ಪ್ರತಿ ಬೀರುವಿನಲ್ಲಿರಲಿ.